ಪದಚರ್ಚೆ: ‘ಸಡನ್ ಆಕ್ಸಿಲರೇಶನ್’, ‘ಸೇಫ್ಟಿ ಸ್ಕೇರ್’, ‘ರೀಕಾಲ್’ – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಮಾಸಿಕಕ್ಕೆ ಲೇಖನ ಬರೆಯುತ್ತಿದ್ದೇನೆ. ಯಾವುದೋ ಕಾರು ಅಪಾಯಕಾರಿ ಅಂತ ಟಿವಿಯಲ್ಲಿ, ಪತ್ರಿಕೆಗಳಲ್ಲಿ ಗದ್ದಲ ಏಳುತ್ತದೆ. ಆಮೇಲೆ ತನಿಖೆ ನಡೆದು ಏನೋ ಒಂದು ಗೊತ್ತಾಗುತ್ತದೆ. ಆದರೆ ಜನರ ತಲೆಯಲ್ಲಿ ಉಳಿಯೋದು ಮೊದಲು ಕೇಳಿದ್ದೇ. ಇದು ಹೇಗೆ ಆಗುತ್ತದೆ ಅನ್ನೋದು ವಿಷಯ. ಮುಖ್ಯವಾಗಿ ಅಮೆರಿಕದ ಎರಡು ಪ್ರಸಂಗ ತೆಗೆದುಕೊಂಡಿದ್ದೇನೆ: 1986ರ ಆಡಿ, 2009–10ರ ಟೊಯೋಟ.

ಮೇಲಿನ ಮೂರು ಪದಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ. ನಿಘಂಟು ನೋಡಿದರೆ ಅರ್ಥ ಸಿಗುತ್ತದೆ, ತೊಂದರೆ ಅದಲ್ಲ. ಕೈಗೆ ಸಿಗುವ ಕನ್ನಡ ಮಾತುಗಳೆಲ್ಲ ತನಿಖೆಗೆ ಮುಂಚೆಯೇ ಯಾರೋ ಒಬ್ಬರ ಮೇಲೆ ತಪ್ಪು ಹೊರಿಸಿಬಿಡುತ್ತವೆ. ಯಾರ ಪರವೂ ವಹಿಸದ ಮಾತು ಬೇಕು. ಅದಕ್ಕೇ ಈ ಪತ್ರ.

ಮೊದಲು ‘ಸಡನ್ ಆಕ್ಸಿಲರೇಶನ್’. ನಿಂತಿದ್ದ ಆಟೊಮ್ಯಾಟಿಕ್ ಕಾರಿನ ಗೇರನ್ನು ‘ಪಾರ್ಕ್’ನಿಂದ ‘ಡ್ರೈವ್’ಗೋ ‘ರಿವರ್ಸ್’ಗೋ ಹಾಕಿದ ತಕ್ಷಣ ಕಾರು ನುಗ್ಗಿಬಿಡುತ್ತದೆ. ಚಾಲಕರು ಹೇಳೋದು ಒಂದೇ ಮಾತು: ನಾನು ಬ್ರೇಕ್ ಒತ್ತುತ್ತಲೇ ಇದ್ದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಅನ್ನುವ ಕಾರಿನ ಮೇಲೆ ಇಂಥ ದೂರುಗಳು ಬಂದವು. 1986ರ ನವೆಂಬರ್ 23ರಂದು ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಕಾರ್ಯಕ್ರಮ ಇದನ್ನು ಎತ್ತಿಕೊಂಡಿತು. ಅದರಲ್ಲಿ ಒಂದು ದೃಶ್ಯ ಇದೆ. ಯಾರೂ ಮುಟ್ಟದೆ ಆಕ್ಸಿಲರೇಟರ್ ಪೆಡಲ್ ತಾನೇ ಕೆಳಗೆ ಹೋಗುತ್ತದೆ. ನೋಡಿದವರ ಎದೆ ಧಸಕ್ಕೆಂದಿರಬೇಕು. ಆದರೆ ಆ ಕಾರಿನ ಟ್ರಾನ್ಸ್‌ಮಿಷನ್‌ಗೆ ತೂತು ಕೊರೆದು, ಹೊರಗಿನಿಂದ ಒತ್ತಡ ಕೊಟ್ಟು ಹಾಗೆ ಮಾಡಿಸಲಾಗಿತ್ತು. ತೂತಿನ ವಿಷಯ ನೋಡುಗರಿಗೆ ಹೇಳಿರಲಿಲ್ಲ.

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 1989ರಲ್ಲಿ ವರದಿ ಕೊಟ್ಟಿತು. ಬಹುಪಾಲು ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದ್ದರು ಅನ್ನೋದು ಅದರ ತೀರ್ಮಾನ. ಕೆನಡಾ, ಜಪಾನ್ ಸರ್ಕಾರಗಳ ಅಧ್ಯಯನಗಳೂ ಹೆಚ್ಚುಕಮ್ಮಿ ಅದನ್ನೇ ಹೇಳಿದವು. ಹಾಗಂತ ಕಾರಿನದು ಏನೂ ಇಲ್ಲ ಅಂತಲ್ಲ. ಅಮೆರಿಕದವರಿಗೆ ಅಭ್ಯಾಸವಿದ್ದ ಜಾಗಕ್ಕಿಂತ ಇದರ ಪೆಡಲ್‌ಗಳ ಜಾಗ ಬೇರೆ ಇತ್ತು. ಐಡ್ಲಿಂಗ್ (ಗಾಡಿ ನಿಂತಿದ್ದಾಗಲೂ ಎಂಜಿನ್ ಓಡುತ್ತಿರುವುದು) ನೋಡಿಕೊಳ್ಳುವ ಭಾಗದಲ್ಲೂ ದೋಷ ಇತ್ತು. ಎಂಜಿನ್ ಸ್ವಲ್ಪ ಜಾಸ್ತಿ ಸದ್ದು ಮಾಡಿದ ಕೂಡಲೇ ಚಾಲಕ ಬೆಚ್ಚಿ, ಒತ್ತಿದ್ದನ್ನೇ ಇನ್ನೂ ಜೋರಾಗಿ ಒತ್ತುವ ಸಾಧ್ಯತೆ ಇತ್ತು. ವರದಿ ಬರುವ ಹೊತ್ತಿಗೆ ಮಾರುಕಟ್ಟೆ ತನ್ನ ತೀರ್ಪು ಕೊಟ್ಟಾಗಿತ್ತು. 1985ರಲ್ಲಿ ಅಮೆರಿಕದಲ್ಲಿ 74,061 ಆಡಿ ಕಾರು ಮಾರಾಟವಾಗಿದ್ದವು. 1991ರಲ್ಲಿ 12,283. ಕಂಪನಿ ಕೊನೆಗೆ 5000 ಅನ್ನುವ ಹೆಸರನ್ನೇ ಬಿಟ್ಟು, ಯುರೋಪಿನಲ್ಲಿ ಮೊದಲಿನಿಂದ ಇದ್ದ 100, 200 ಅನ್ನುವ ಹೆಸರಿಗೆ ಬಂತು. ಒಂದು ಸಂಖ್ಯೆಗೆ ಇಷ್ಟು ಕೆಟ್ಟ ಹೆಸರು ಬರಬಹುದು ನೋಡಿ.

ಈಗ ಕನ್ನಡಕ್ಕೆ ಬರೋಣ. ನಮ್ಮ ಪತ್ರಿಕೆಗಳಲ್ಲಿ ಇಂಥ ಅಪಘಾತಕ್ಕೆ ಮೂರು ಅಚ್ಚುಗಳಿವೆ. ‘ಚಾಲಕನ ನಿಯಂತ್ರಣ ತಪ್ಪಿ’ ಅನ್ನೋದು ಒಂದು. ‘ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದ ಪರಿಣಾಮ’ ಅನ್ನೋದು ಇನ್ನೊಂದು. ‘ಬ್ರೇಕ್ ಫೇಲ್ ಆಗಿ’ ಮೂರನೆಯದು. ಮೊದಲ ಎರಡರಲ್ಲಿ ತಪ್ಪು ಚಾಲಕನದ್ದು, ಮೂರನೆಯದರಲ್ಲಿ ಗಾಡಿಯದ್ದು. ಅಪಘಾತ ಆದ ದಿನವೇ, ಗಾಡಿಯನ್ನು ಯಾರೂ ಬಿಚ್ಚಿ ನೋಡುವ ಮುಂಚೆಯೇ, ಈ ಮೂರರಲ್ಲಿ ಒಂದು ಅಚ್ಚಾಗಿರುತ್ತದೆ. ವರದಿಗಾರರನ್ನು ದೂರಿ ಪ್ರಯೋಜನ ಇಲ್ಲ, ಅವರಿಗೆ ಬೇರೆ ಮಾತು ಎಲ್ಲಿದೆ?

ಒಬ್ಬ ಡ್ರೈವರ್ ಬಾಯಲ್ಲಿ ಅದೇ ಮಾತು ಹೇಗೆ ಬರುತ್ತದೆ ಕೇಳಿ: ‘ಬ್ರೇಕ್ ಒತ್ತಿದೆ ಸಾರ್, ಹಿಡೀಲೇ ಇಲ್ಲ.’ ಈ ‘ಹಿಡಿಯಲಿಲ್ಲ’ ಎಷ್ಟು ಚೆನ್ನಾಗಿದೆ ಗಮನಿಸಿ. ಬ್ರೇಕ್ ಕೆಟ್ಟಿತ್ತು ಅಂತ ಅದು ಹೇಳುತ್ತಿಲ್ಲ. ತನ್ನ ಕಾಲು ಬ್ರೇಕಿನ ಮೇಲೆಯೇ ಇತ್ತು ಅನ್ನೋದಕ್ಕೆ ಸಾಕ್ಷಿಯನ್ನೂ ಕೊಡುತ್ತಿಲ್ಲ. ಗಾಡಿ ನಿಲ್ಲಲಿಲ್ಲ, ತನಗೆ ಹಾಗನ್ನಿಸಿತು, ಅಷ್ಟೇ. ಮರುದಿನ ಅದು ‘ಬ್ರೇಕ್ ಫೇಲ್’ ಆಗಿ ಅಚ್ಚಾಗುತ್ತದೆ. ಆಡಿ ಚಾಲಕರು ಸುಳ್ಳು ಹೇಳುತ್ತಿರಲಿಲ್ಲ, ಅವರೂ ಇದನ್ನೇ ಹೇಳುತ್ತಿದ್ದರು ಅಂತ ನನ್ನ ಭಾವನೆ. ಅವರ ‘ಹಿಡೀಲಿಲ್ಲ’ವನ್ನು ಟಿವಿ ‘ಕೆಟ್ಟಿತ್ತು’ ಮಾಡಿತು, ಸರ್ಕಾರಿ ವರದಿ ‘ಒತ್ತಲೇ ಇಲ್ಲ’ ಮಾಡಿತು.

ಸರಿ, ‘ಸಡನ್ ಆಕ್ಸಿಲರೇಶನ್’ಗೆ ಏನನ್ನೋಣ? ಪಠ್ಯಪುಸ್ತಕದ ಪ್ರಕಾರ ಆಕ್ಸಿಲರೇಶನ್ ಅಂದರೆ ವೇಗೋತ್ಕರ್ಷ. ಅದರ ಮುಂದೆ ‘ಆಕಸ್ಮಿಕ’ ಅಂತಲೋ ‘ಅನುದ್ದೇಶಿತ’ ಅಂತಲೋ ಹಾಕಬಹುದು. ಹೇಳಿ ಮುಗಿಸುವಷ್ಟರಲ್ಲಿ ಕಾರು ಎದುರುಮನೆ ಕಾಂಪೌಂಡಿಗೆ ಗುದ್ದಿರುತ್ತದೆ. ‘ತಾನಾಗಿ ಓಡಿತು’ ಅಂದರೆ ಪೂರ್ತಿ ಕಾರಿನ ತಪ್ಪು ಅಂದಂತೆ. ‘ಅಡ್ಡಾದಿಡ್ಡಿ ಓಡಿತು’ ಬೇರೆಯೇ ಅರ್ಥ. ಗ್ಯಾರೇಜಿನವರು ‘ಗಾಡಿ ರೇಸ್ ಆಗ್ತಿದೆ’ ಅನ್ನುತ್ತಾರೆ. ಅದು ಎಂಜಿನ್ ಸದ್ದಿನ ಮಾತು, ಗಾಡಿ ಮುಂದೆ ಹೋಗಲೇಬೇಕು ಅಂತಿಲ್ಲ. ಸದ್ಯಕ್ಕೆ ನಾನು ‘ದಿಢೀರ್ ನುಗ್ಗಾಟ’ ಅಂತ ಬರೆದಿಟ್ಟಿದ್ದೇನೆ. ಯಾಕೆ ನುಗ್ಗಿತು ಅನ್ನೋದನ್ನು ಅದು ಹೇಳೋದಿಲ್ಲ, ನನಗೆ ಬೇಕಾದದ್ದೂ ಅದೇ. ಆದರೆ ‘ನುಗ್ಗಾಟ’ದಲ್ಲಿ ಜನಜಂಗುಳಿ ಕಾಣುತ್ತದೆ, ‘ದಿಢೀರ್’ ಅಂದರೆ ಇಡ್ಲಿ ಮಿಕ್ಸ್ ನೆನಪಾಗುತ್ತದೆ ಅಂತ ಮನೆಯಲ್ಲಿ ಆಕ್ಷೇಪ ಬಂದಿದೆ. ‘ಏಕಾಏಕಿ ವೇಗ’ ಆಗಬಹುದಾ?

ಟೊಯೋಟ ವಿಷಯದಲ್ಲಿ ಇದು ಇನ್ನೂ ಜಟಿಲ. ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇರುವ ಕಂಪನಿಯೇ, ಆದರೆ ಕಥೆ ಅಮೆರಿಕದ್ದು. 2009ರ ಆಗಸ್ಟ್ 28ರಂದು ಸ್ಯಾನ್ ಡಿಯಾಗೊ ಹತ್ತಿರ ಒಂದು ಲೆಕ್ಸಸ್ ಕಾರು (ಇದೂ ಟೊಯೋಟದ್ದೇ ಬ್ರ್ಯಾಂಡ್) ನಿಲ್ಲಿಸಲಾಗದೆ ಅಪಘಾತವಾಗಿ ನಾಲ್ವರು ಸತ್ತರು. ಕಾರಿನೊಳಗಿಂದ ಮಾಡಿದ್ದ 911 ತುರ್ತು ಕರೆಯ ಧ್ವನಿ ಟಿವಿಯಲ್ಲಿ ಮತ್ತೆ ಮತ್ತೆ ಬಂತು. ಆ ಕಾರಿನಲ್ಲಿ ಬೇರೆ ಮಾದರಿಯ ಕಾರಿನ ರಬ್ಬರ್ ಮ್ಯಾಟ್ ಹಾಸಲಾಗಿತ್ತು. ಪೆಡಲ್ ಅದಕ್ಕೆ ಸಿಕ್ಕಿಹಾಕಿಕೊಂಡಿತ್ತು. ಆಮೇಲೆ ಮ್ಯಾಟ್‌ಗಾಗಿ ಲಕ್ಷಗಟ್ಟಲೆ ಕಾರುಗಳ ರೀಕಾಲ್, ಅಂದರೆ ದೋಷ ಸರಿಪಡಿಸೋದಕ್ಕೆ ಕಂಪನಿಯೇ ಕಾರುಗಳನ್ನು ಕರೆಸಿಕೊಳ್ಳೋದು. 2010ರ ಜನವರಿಯಲ್ಲಿ, ಒತ್ತಿದ ಪೆಡಲ್ ಬೇಗ ಮೇಲೆ ಬರೋದಿಲ್ಲ ಅನ್ನುವ ಬೇರೆ ದೋಷಕ್ಕೆ ಇನ್ನೂ ಸುಮಾರು 23 ಲಕ್ಷ. ಫೆಬ್ರವರಿಯಲ್ಲಿ ಸಾರಿಗೆ ಸಚಿವ ರೇ ಲಾಹುಡ್ ಇಂಥ ಕಾರು ಇದ್ದವರು ಓಡಿಸೋದು ನಿಲ್ಲಿಸಿ ಅಂದರು. ಅದೇ ದಿನ, ಬಾಯಿ ತಪ್ಪಿ ಬಂತು ಅಂತ ವಾಪಸ್ ತೆಗೆದುಕೊಂಡರು. ಮೊದಲನೆಯದು ಎಲ್ಲರಿಗೂ ತಲುಪಿತ್ತು.

ಮ್ಯಾಟ್, ಪೆಡಲ್ ಅಂದರೆ ಸುದ್ದಿಗೆ ಅಷ್ಟೇನೂ ಖದರು ಇಲ್ಲ. ಕಾರಿನೊಳಗಿನ ಕಂಪ್ಯೂಟರಿಗೆ ದೆವ್ವ ಹಿಡಿದಿದೆ ಅಂದರೆ ಇದೆ. ಎಬಿಸಿ ನ್ಯೂಸ್ ಒಬ್ಬ ಪ್ರಾಧ್ಯಾಪಕರನ್ನು ಕರೆಸಿ, ವೈರಿಂಗ್‌ನಲ್ಲಿ ಶಾರ್ಟ್ ಮಾಡಿದರೆ ಕಾರು ಹೇಗೆ ನುಗ್ಗುತ್ತದೆ ಅಂತ ತೋರಿಸಿತು. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು ಸರ್‍ರನೆ ಮೇಲೇರುವ ಒಂದು ಕ್ಷಣದ ದೃಶ್ಯ ಅದರಲ್ಲಿತ್ತು. ಸೂಕ್ಷ್ಮವಾಗಿ ನೋಡಿದವರಿಗೆ ಡ್ಯಾಶ್‌ಬೋರ್ಡಿನಲ್ಲಿ ಪಾರ್ಕಿಂಗ್ ಬ್ರೇಕಿನ ದೀಪ, ಬಾಗಿಲು ತೆರೆದಿರುವ ದೀಪ ಕಂಡವು. ನಿಂತ ಕಾರಿನಲ್ಲಿ ತೆಗೆದ ದೃಶ್ಯವನ್ನು ಓಡುವ ಕಾರಿನದಕ್ಕೆ ಅಂಟಿಸಿದ್ದರು. ವಾಹಿನಿ ಒಪ್ಪಿಕೊಂಡು ದೃಶ್ಯ ಬದಲಾಯಿಸಿತು. ಕಂಪ್ಯೂಟರ್ ಅನುಮಾನದ ಬಗ್ಗೆ ನಾಸಾದ ಎಂಜಿನಿಯರುಗಳೇ ಪರೀಕ್ಷೆ ಮಾಡಿದರು. ಇಂಥ ನುಗ್ಗಾಟಕ್ಕೆ ಎಲೆಕ್ಟ್ರಾನಿಕ್ ಕಾರಣ ಸಿಗಲಿಲ್ಲ ಅಂತ 2011ರ ಫೆಬ್ರವರಿಯಲ್ಲಿ ವರದಿ ಬಂತು.

ಇಲ್ಲಿಗೆ ನಿಲ್ಲಿಸಿದರೆ ‘ಮಾಧ್ಯಮದವರ ಕಿತಾಪತಿ’ ಅಂತ ಬರೆದು ಮುಗಿಸಬಹುದಿತ್ತು. ಆದರೆ 2014ರ ಮಾರ್ಚ್‌ನಲ್ಲಿ ಇದೇ ಟೊಯೋಟ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ದಂಡ ಕಟ್ಟಿತು. ಮ್ಯಾಟ್, ಪೆಡಲ್ ದೋಷಗಳ ಬಗ್ಗೆ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ. ಅಂದರೆ ಟಿವಿ ತೋರಿಸಿದ ದೆವ್ವ ಸಿಗಲಿಲ್ಲ, ಕಂಪನಿ ಮುಚ್ಚಿಟ್ಟ ದೋಷ ನಿಜವಾಗಿತ್ತು.

ಅದಕ್ಕೇ ‘ಸೇಫ್ಟಿ ಸ್ಕೇರ್’, ಅಂದರೆ ಸುರಕ್ಷತೆಯ ಬಗ್ಗೆ ಏಳುವ ದಿಗಿಲು, ಅನ್ನೋದಕ್ಕೆ ವದಂತಿ, ಪುಕಾರು, ಗಾಳಿಸುದ್ದಿ ಯಾವುದೂ ಹೊಂದುತ್ತಿಲ್ಲ. ಅವೆಲ್ಲ ಸುಳ್ಳು ಅಂತ ಮೊದಲೇ ಹೇಳಿಬಿಡುತ್ತವೆ. ‘ಆತಂಕ’ ಸಪ್ಪೆ, ಮಳೆ ಬರದಿದ್ದರೂ ಆತಂಕವೇ. ‘ಭೀತಿ’ಯಲ್ಲಿ ಹೆದರಿಸಿದವರು ಯಾರು ಅನ್ನೋದೇ ಇಲ್ಲ. ‘ಗುಲ್ಲು’ ಹತ್ತಿರ ಬರುತ್ತದೆ. ಗುಲ್ಲು ಏಳುತ್ತದೆ, ಗುಲ್ಲು ಎಬ್ಬಿಸುತ್ತಾರೆ, ಎರಡೂ ಸರಿ. ಆದರೆ ಕಿವಿಗೆ ಅದು ಊರಿನ ಚಾಡಿಮಾತಿನ ಥರ ಕೇಳುತ್ತದೆ. ‘ಹುಯಿಲು’ ನನಗೆ ಇಷ್ಟ. ಹುಯಿಲೆಬ್ಬಿಸಿದರು ಅಂದಾಗ ಕಾರಣ ನಿಜವಿರಬಹುದು, ಇಲ್ಲದೆಯೂ ಇರಬಹುದು. ಆದರೆ ಈಗಿನ ಓದುಗರಿಗೆ ಆ ಪದ ತಿಳಿಯುತ್ತಾ? ‘ಕಾರು ಹುಯಿಲು’ ಅಂದರೆ ಹಾರ್ನ್ ಸದ್ದು ಅಂದುಕೊಂಡರೆ ಕಷ್ಟ.

ಇದೇ ಜಾಡಿನಲ್ಲಿ ಇನ್ನೊಂದು. ಮಾತಿನಲ್ಲಿ ನಾವು ‘ಕಾರು ತಾನೇ ಓಡಿತಂತೆ’ ಅನ್ನುತ್ತೇವೆ. ಆ ‘ಅಂತೆ’ ಒಂದೇ ಸಾಕು, ನಾನು ನೋಡಿಲ್ಲ, ಕೇಳಿದ್ದು ಅಂತ ಹೇಳೋದಕ್ಕೆ. ಪತ್ರಿಕೆಯಲ್ಲಿ ಅದು ‘ಎನ್ನಲಾಗಿದೆ’ ಆಗಿ ವರದಿಯ ಕೊನೆಗೆ ಹೋಗಿ ಕೂರುತ್ತದೆ. ಟಿವಿ ಪರದೆಯ ಕೆಳಗಿನ ಸುದ್ದಿಪಟ್ಟಿಯಲ್ಲಿ ಅದೂ ಮಾಯ. ಅದರ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಬಂದಿದೆ: ‘ಈ ಕಾರು ಸಾವಿನ ಪೆಟ್ಟಿಗೆ?’ ಅಂತ. ನನ್ನ ಮಟ್ಟಿಗೆ ಆ ಚಿಹ್ನೆ ‘ಅಂತೆ’ಯ ಕೆಲಸ ಮಾಡೋದಿಲ್ಲ. ‘ಅಂತೆ’ ಹೇಳುವವನ ಜವಾಬ್ದಾರಿ ತೋರಿಸುತ್ತದೆ, ಚಿಹ್ನೆ ಜಾರಿಕೊಳ್ಳೋದಕ್ಕೆ ದಾರಿ ಮಾಡಿಕೊಡುತ್ತದೆ. ಶೀರ್ಷಿಕೆಯಲ್ಲೇ ‘ಅಂತೆ’ ಬಳಸಿದ ಹಳೆಯ ಪತ್ರಿಕೆಗಳ ಉದಾಹರಣೆ ಯಾರ ಬಳಿಯಾದರೂ ಇದೆಯಾ? ‘ಅಂತೆಕಂತೆ’ ಅಂತ ಗೇಲಿ ಮಾಡಿ ಮಾಡಿ ಒಳ್ಳೆಯ ಪ್ರತ್ಯಯವನ್ನು ಬರವಣಿಗೆಯಿಂದ ಓಡಿಸಿದೆವೇನೋ ಅನ್ನೋದು ನನ್ನ ಗುಮಾನಿ.

ಪದದ ಆಟ ಮಾಧ್ಯಮದವರದು ಮಾತ್ರ ಅಂತ ತಿಳಿಯಬೇಡಿ. ನಿಮಗೆಲ್ಲ ಖಂಡಿತ ರುಚಿಸುವ ದಾಖಲೆ ಒಂದಿದೆ. ಜನರಲ್ ಮೋಟಾರ್ಸ್ ಕಾರುಗಳ ಇಗ್ನಿಷನ್ ಸ್ವಿಚ್ ಓಡುವಾಗಲೇ ಆಫ್ ಆಗಿ, ಏರ್‌ಬ್ಯಾಗ್ ಕೂಡ ತೆರೆಯದೆ ಜನ ಸತ್ತರು. ಕಂಪನಿಯೇ ನೇಮಿಸಿದ್ದ ಪರಿಹಾರ ನಿಧಿ ಕೊನೆಗೆ ಒಪ್ಪಿಕೊಂಡ ಸಾವುಗಳು 124. ವರ್ಷಗಟ್ಟಲೆ ಇದರ ಬಗ್ಗೆ ಯಾವ ಹುಯಿಲೂ ಇರಲಿಲ್ಲ, ರೀಕಾಲ್ ಶುರುವಾದದ್ದೇ 2014ರಲ್ಲಿ. ಆ ವರ್ಷ ಎನ್‌ಎಚ್‌ಟಿಎಸ್‌ಎ 3.5 ಕೋಟಿ ಡಾಲರ್ ದಂಡ ಹಾಕಿದಾಗ, ಕಂಪನಿ 2008ರಲ್ಲಿ ತನ್ನ ನೌಕರರಿಗೆ ಕೊಟ್ಟಿದ್ದ ಪಾಠವೊಂದು ಹೊರಗೆ ಬಂತು. ವರದಿಗಳಲ್ಲಿ ಬಳಸಬಾರದ 69 ಪದಗಳು ಅದರಲ್ಲಿದ್ದವು. ಡೆತ್‌ಟ್ರ್ಯಾಪ್, ಟೈಟಾನಿಕ್ ಎಲ್ಲಾ ಇದ್ದವು. ಅದು ಬಿಡಿ, ‘ಡಿಫೆಕ್ಟ್’ ಕೂಡ ಬರೆಯಬಾರದು! ಅದರ ಬದಲು ‘ವಿನ್ಯಾಸದಂತೆ ಕೆಲಸ ಮಾಡುತ್ತಿಲ್ಲ’ ಅನ್ನಬೇಕು. ‘ಪ್ರಾಬ್ಲಮ್’ ಅನ್ನದೆ ಇಶ್ಯೂ, ಕಂಡೀಷನ್, ಮ್ಯಾಟರ್ ಅನ್ನಬೇಕು. ಇದನ್ನು ಕನ್ನಡಕ್ಕೆ ತರುವಾಗ ನನಗೆ ಮಜಾ ಅನ್ನಿಸಿದ್ದು ಏನೆಂದರೆ, ಪ್ರಾಬ್ಲಮ್‌ಗೂ ಇಶ್ಯೂಗೂ ನಮ್ಮಲ್ಲಿ ‘ಸಮಸ್ಯೆ’ ಒಂದೇ. ಕಂಪನಿ ಕಷ್ಟಪಟ್ಟು ಮಾಡಿದ ವ್ಯತ್ಯಾಸ ಕನ್ನಡದಲ್ಲಿ ನಿಲ್ಲೋದೇ ಇಲ್ಲ. ಆದರೂ ಅನುವಾದದಲ್ಲಿ ಅದನ್ನು ತೋರಿಸಲೇಬೇಕಲ್ವಾ? ‘ತೊಂದರೆ’ ಮತ್ತು ‘ವಿಚಾರ’ ಅಂತ ಹಾಕಿದ್ದೇನೆ. ‘ಸ್ವಿಚ್ಚಿನ ವಿಚಾರ’ ಅಂದರೆ ಏನೂ ಆಗಿಲ್ಲ ಅನ್ನುವ ಹಾಗೇ ಕೇಳುತ್ತದೆ, ಸರಿಹೋಯಿತು.

ಡೆತ್‌ಟ್ರ್ಯಾಪ್‌ಗೆ ನಮ್ಮಲ್ಲಿ ಬರವೇ ಇಲ್ಲ. ಮೃತ್ಯುಕೂಪ ಇದೆ. ‘ಯಮಸ್ವರೂಪಿ ಲಾರಿ’ ಅಂತೂ ವಾರಕ್ಕೊಮ್ಮೆಯಾದರೂ ಬರುತ್ತಾನೆ, ಜವರಾಯನಂತೆ ಬಂದೆರಗುತ್ತಾನೆ. ಗಮನಿಸಿ, ಯಮ ಯಾವಾಗಲೂ ಲಾರಿ, ಟ್ಯಾಂಕರ್, ಟಿಪ್ಪರ್‌ನಲ್ಲೇ ಬರುತ್ತಾನೆ. ದುಬಾರಿ ಕಾರಿನಲ್ಲಿ ಬಂದದ್ದನ್ನು ನಾನು ಓದಿದ ನೆನಪಿಲ್ಲ. ಓದಿದವರಿದ್ದರೆ ತಿಳಿಸಿ.

‘ರೀಕಾಲ್’ ಬಗ್ಗೆ ಚಿಕ್ಕದಾಗಿ. ‘ಹಿಂಪಡೆ’, ‘ವಾಪಸ್ ಕರೆಸಿಕೊಂಡ ಕಂಪನಿ’ ಎರಡೂ ಬಳಕೆಯಲ್ಲಿವೆ. ಎರಡನ್ನು ಓದಿದರೂ ಕಂಪನಿ ಕಾರು ತೆಗೆದುಕೊಂಡು ಹೋಗಿ ದುಡ್ಡು ಕೊಡುತ್ತದೆ ಅನ್ನಿಸುತ್ತದೆ. ನಡೆಯೋದು ಸಾಮಾನ್ಯವಾಗಿ ಇಷ್ಟೇ: ಗಾಡಿಯನ್ನು ಸರ್ವಿಸ್ ಸೆಂಟರಿಗೆ ಒಯ್ದರೆ ಆ ಭಾಗವನ್ನು ಪುಕ್ಕಟೆ ಬದಲಿಸಿ ಕೊಡುತ್ತಾರೆ. ನಮ್ಮ ದೇಶದಲ್ಲೂ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 110ಎ ಕಲಮಿನಲ್ಲಿ ರೀಕಾಲ್‌ಗೆ ಆದೇಶ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಆದ್ದರಿಂದ ಪದ ಇನ್ನೂ ಜಾಸ್ತಿ ಬಳಕೆಗೆ ಬರುತ್ತದೆ. ‘ಹಿಂಪಡೆದ’ ಅಂತ ತಲೆಬರಹ ನೋಡಿ ಆ ಮಾದರಿಯೇ ದರಿದ್ರ ಅಂದುಕೊಳ್ಳುವವರೂ ಇದ್ದಾರೆ, ತನ್ನ ಗಾಡಿಯನ್ನು ಯಾರೂ ಕೇಳಿಕೊಂಡು ಬರಲಿಲ್ಲ ಅಂತ ಸುಮ್ನೆ ಇದ್ದುಬಿಡುವವರೂ ಇದ್ದಾರೆ. ‘ದುರಸ್ತಿಗೆ ಕರೆ’ ಅಂದರೆ ಸಾಕು ಅಂತ ನನ್ನ ಮತ. ‘ರೀಕಾಲ್’ ಅಂತಲೇ ಬಿಡೋಣ ಅನ್ನುವವರ ಜೊತೆಗೂ ಜಗಳ ಇಲ್ಲ.

ಕೊನೆಗೆ, ಉತ್ತರ ಕರ್ನಾಟಕ, ಕರಾವಳಿ ಕಡೆಯವರಿಗೆ ಒಂದು ಕೇಳಿಕೆ. ‘ಬ್ರೇಕ್ ಹಿಡೀಲಿಲ್ಲ’ ಅನ್ನೋದಕ್ಕೆ ನಿಮ್ಮ ಕಡೆಯ ಬಸ್, ಲಾರಿ, ಟೆಂಪೊ ಡ್ರೈವರುಗಳು ಏನನ್ನುತ್ತಾರೆ? ಆಕ್ಸಿಲರೇಟರ್ ಒತ್ತಿದ್ದು ಮೇಲೆ ಬಾರದಿದ್ದರೆ ನಮ್ಮಲ್ಲಿ ‘ಹಿಡ್ಕೊಂಬಿಟ್ಟಿದೆ’ ಅನ್ನುತ್ತಾರೆ. ಬ್ರೇಕ್ ಹಿಡಿಯಲಿಲ್ಲ ಅಂದರೂ ತೊಂದರೆ, ಆಕ್ಸಿಲರೇಟರ್ ಹಿಡಿದುಕೊಂಡಿತು ಅಂದರೂ ತೊಂದರೆ. ಟೊಯೋಟದ ಪೆಡಲ್‌ಗೆ ಇದನ್ನೇ ಬಳಸಿದ್ದೇನೆ. ಬೇರೆ ಮಾತಿದ್ದರೆ ಈ ವಾರದೊಳಗೆ ಬರೆಯಿರಿ, ಆಮೇಲೆ ಲೇಖನ ಸಂಪಾದಕರ ಕೈಗೆ ಹೋಗುತ್ತದೆ.