ಕತ್ತಲೆ ಬೆಳಕನ್ನು ‘ಮುಸುಕಲಿಲ್ಲ’ವೋ ‘ಗ್ರಹಿಸಲಿಲ್ಲ’ವೋ? (ಯೋಹಾನ 1:5)

ಪ್ರಶ್ನೆ:

ಬಲ್ಲವರು ತಿಳಿಸಬೇಕು. ಯೋಹಾನನ ಸುವಾರ್ತೆ 1:5ರಲ್ಲಿ ಬೆಳಕು ಕತ್ತಲೆಯಲ್ಲಿ ಹೊಳೆಯುವ ಮಾತಿದೆಯಲ್ಲ, ಅದರ ಉತ್ತರಾರ್ಧಕ್ಕೆ ‘ಮುಸುಕಲಿಲ್ಲ’, ‘ಜಯಿಸಲಿಲ್ಲ’, ‘ಗ್ರಹಿಸಲಿಲ್ಲ’ ಎಂದು ಮೂರು ಬಗೆಯಲ್ಲಿ ಹೇಳುವುದುಂಟು. ಮೊದಲೆರಡು ಸೆಣಸಾಟದ ಮಾತು, ಮೂರನೆಯದು ತಿಳಿವಿನ ಮಾತು. ಮೂಲದಲ್ಲಿರುವುದು ಒಂದೇ ಕ್ರಿಯಾಪದ ಅಂದಮೇಲೆ ಇಷ್ಟು ಅಂತರ ಹೇಗೆ ಬಂತು? ಒಂದನ್ನೇ ಆರಿಸುವುದಾದರೆ ಯಾವುದು ಸರಿ?

ಉತ್ತರ:

ಗ್ರೀಕ್ ಮೂಲದಲ್ಲಿರುವುದು ‘ಕತೆಲಬೆನ್’. ‘ಲಂಬಾನೊ’ ಅಂದರೆ ತೆಗೆದುಕೊ, ಹಿಡಿ. ಅದಕ್ಕೆ ‘ಕತ’ ಎಂಬ ಉಪಸರ್ಗ ಸೇರಿದರೆ ಬಿಗಿಯಾಗಿ ಹಿಡಿ, ಬೆನ್ನಟ್ಟಿ ಹೋಗಿ ಹಿಡಿ ಎಂದಾಗುತ್ತದೆ. ಕೈಯಿಂದ ಹಿಡಿದರೆ ವಶ, ಬುದ್ಧಿಯಿಂದ ಹಿಡಿದರೆ ಅರ್ಥ. ಬೈಬಲಿನ ಹಳೆಯ ಲ್ಯಾಟಿನ್ ಅನುವಾದವಾದ ವಲ್ಗೇಟಿನ ‘ಕಾಂಪ್ರೆಹೆಂದೆರುಂತ್’ನಲ್ಲೂ ಈ ಎರಡೂ ಇದ್ದವು. 1611ರ ಇಂಗ್ಲಿಷ್ ಅನುವಾದ ಅದೇ ಲ್ಯಾಟಿನ್ ಧಾತುವಿನ ಪದವನ್ನೇ ಇಟ್ಟುಕೊಂಡಿತು. ಇಂದಿನ ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಅರ್ಥಮಾಡಿಕೊ’ ಎಂಬುದೇ ಮುಖ್ಯಾರ್ಥ. ‘ಗ್ರಹಿಸಲಿಲ್ಲ’ ಆ ಸಾಲಿಗೆ ಸೇರಿದ್ದು.

ವ್ಯಾಕರಣ ‘ವಶ’ದ ಕಡೆಗೇ ವಾಲುತ್ತದೆ. ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ ‘ತಿಳಿದುಕೊ’ ಎಂಬ ಅರ್ಥದಲ್ಲಿ ಬಂದಾಗ (ಅಪೊಸ್ತಲರ ಕೃತ್ಯಗಳು 4:13, 10:34, ಎಫೆಸ 3:18) ಮಧ್ಯಮ ಪ್ರಯೋಗದಲ್ಲಿರುತ್ತದೆ, ನಮ್ಮ ‘ಕೊಳ್ಳು’ ಸೇರಿದ ರೂಪದ ಹಾಗೆ. 1:5ರಲ್ಲಿರುವುದು ಕರ್ತರಿ. ಅದೇ ಕರ್ತರಿ ರೂಪ ಮಾರ್ಕ 9:18ರಲ್ಲಿ ದೆವ್ವ ಹುಡುಗನನ್ನು ಹಿಡಿಯುವುದಕ್ಕೂ ಬಂದಿದೆ. ಎಲ್ಲಕ್ಕಿಂತ ಹತ್ತಿರದ ಸಾಕ್ಷಿ ಯೋಹಾನ 12:35: ಬೆಳಕಿರುವಾಗಲೇ ನಡೆಯಿರಿ, ಕತ್ತಲೆ ನಿಮ್ಮನ್ನು ಹಿಡಿಯದಿರಲಿ. ಅದೇ ಸುವಾರ್ತೆ, ಅದೇ ಕತ್ತಲೆ, ಅದೇ ಕ್ರಿಯಾಪದ. ಅಲ್ಲಿ ‘ಕತ್ತಲೆ ನಿಮ್ಮನ್ನು ಗ್ರಹಿಸದಿರಲಿ’ ಎಂದರೆ ನಗೆಪಾಟಲು.

ಹಾಗೆಂದು ತಿಳಿವಿನ ಅರ್ಥವನ್ನು ತಳ್ಳಿಹಾಕಲು ಬರುವುದಿಲ್ಲ. 1:10ರಲ್ಲಿ ಲೋಕ ಆತನನ್ನು ಅರಿಯಲಿಲ್ಲ. 1:11ರಲ್ಲಿ ಸ್ವಂತ ಜನ ಬರಮಾಡಿಕೊಳ್ಳಲಿಲ್ಲ (‘ಪರೆಲಬೊನ್’). 1:12ರಲ್ಲಿ ಕೆಲವರು ಅಂಗೀಕರಿಸಿದರು (‘ಎಲಬೊನ್’). ಕತೆಲಬೆನ್, ಪರೆಲಬೊನ್, ಎಲಬೊನ್ ಮೂರೂ ‘ಲಂಬಾನೊ’ದ ಮಕ್ಕಳು. ಬರೆದವನು ಬೇಕೆಂದೇ ಎರಡರ್ಥದ ಪದ ಇಟ್ಟಿದ್ದಾನೆ ಎಂದು ಓದುವುದಕ್ಕೆ ಇದು ಸಾಕು.

ಇನ್ನು ಕನ್ನಡ. ‘ಜಯಿಸಲಿಲ್ಲ’ ನನಗೆ ಒಪ್ಪಿಗೆಯಿಲ್ಲ. ಗೆಲುವಿಗೆ ಯೋಹಾನನದೇ ಬೇರೆ ಪದವಿದೆ, ‘ನಿಕಾವೊ’. 16:33ರಲ್ಲಿ ‘ನಾನು ಲೋಕವನ್ನು ಜಯಿಸಿದ್ದೇನೆ’ ಎನ್ನುವ ಕಡೆ ಅದು ಬರುತ್ತದೆ. ಆ ಪದವನ್ನು ಇಲ್ಲೇ ಖರ್ಚುಮಾಡಿದರೆ ಅಲ್ಲಿನ ತೂಕ ಇಳಿಯುತ್ತದೆ. ‘ಮುಸುಕಲಿಲ್ಲ’ ಕಿವಿಗೆ ಹಿತ. ಕತ್ತಲೆಗೆ ಮುಸುಕು, ಕವಿ, ಆವರಿಸು ಇವೆಲ್ಲ ಒಗ್ಗುವ ಪದಗಳೇ. ಆದರೆ ಮುಸುಕುವುದೆಂದರೆ ಮೇಲಿನಿಂದ ಮುಚ್ಚುವುದು. ಹಿಂದಿನಿಂದ ಓಡಿಬಂದು ಹಿಡಿಯುವ ಚಿತ್ರ ಅದರಲ್ಲಿಲ್ಲ. ತಿಳಿವಿನ ನೆರಳಂತೂ ಇಲ್ಲವೇ ಇಲ್ಲ.

ತಮಾಷೆಯೆಂದರೆ ‘ಗ್ರಹಿಸು’ವಿನ ಧಾತುವಿನಲ್ಲಿ ಗ್ರೀಕಿನ ಎರಡು ಮುಖವೂ ಇದೆ: ಅರ್ಥ ಗ್ರಹಿಸುವುದೂ ಹಿಡಿಯುವುದೇ, ಸೂರ್ಯನಿಗೆ ಗ್ರಹಣ ಹಿಡಿಯುವುದೂ ಹಿಡಿಯುವುದೇ. ಆದರೆ ಕ್ರಿಯಾಪದವಾಗಿ ‘ಗ್ರಹಿಸು’ ಇಂದು ಬುದ್ಧಿಯ ಕೆಲಸಕ್ಕಷ್ಟೇ ಮೀಸಲು. ‘ಗ್ರಹಣ ಹಿಡಿಯಲಿಲ್ಲ’ ಎಂದು ಬರೆದರೆ ವಾಕ್ಯದೊಳಗೆ ರಾಹು ಬಂದು ಕೂರುತ್ತಾನೆ.

ನನ್ನ ಆಯ್ಕೆ: ‘ಬೆಳಕು ಕತ್ತಲೆಯಲ್ಲಿ ಹೊಳೆಯುತ್ತಿದೆ, ಕತ್ತಲೆಯ ಹಿಡಿತಕ್ಕೆ ಅದು ಸಿಗಲಿಲ್ಲ.’ ‘ವಿಷಯದ ಮೇಲೆ ಹಿಡಿತ’ ಎನ್ನುವ ಬಳಕೆ ಇರುವುದರಿಂದ ತಿಳಿವಿನ ಎಳೆಯೂ ಉಳಿಯುತ್ತದೆ.

ಕಾಲದ ವಿಷಯದಲ್ಲಿ ತಪ್ಪುವುದು ಸುಲಭ. ಗ್ರೀಕಿನಲ್ಲಿ ‘ಹೊಳೆ’ ವರ್ತಮಾನದಲ್ಲಿದೆ, ‘ಹಿಡಿ’ ಭೂತದಲ್ಲಿದೆ (ಏಓರಿಸ್ಟ್ ರೂಪ). ‘ಸಿಕ್ಕಿಲ್ಲ’ ಎಂದರೆ ಇನ್ನೂ ಸಿಕ್ಕಿಲ್ಲ, ಮುಂದೆ ಸಿಕ್ಕೀತು ಎಂಬ ಅನುಮಾನ ನುಸುಳುತ್ತದೆ. ‘ಸಿಗದು’ ಎಂದರೆ ಮೂಲದಲ್ಲಿಲ್ಲದ ಭರವಸೆಯನ್ನು ನಾವೇ ಕೊಟ್ಟಂತೆ. ‘ಸಿಗಲಿಲ್ಲ’ ಎಂದರೆ ಪ್ರಯತ್ನ ನಡೆಯಿತು, ಕೈಗೂಡಲಿಲ್ಲ. ಬೆಳಕು ಮಾತ್ರ ಈಗಲೂ ಹೊಳೆಯುತ್ತಿದೆ.

ಮರುಪ್ರಶ್ನೆ:

‘ಕತ್ತಲೆಗೆ ಅದು ದಕ್ಕಲಿಲ್ಲ’ ಎಂದರೆ? ಆಸ್ತಿಯೂ ದಕ್ಕುತ್ತದೆ, ಕಾವ್ಯವೂ ದಕ್ಕುತ್ತದೆ. ಒಂದೇ ಪದದಲ್ಲಿ ಎರಡೂ ಬಂತಲ್ಲ.

ಉತ್ತರ:

ಪದ ಚೆನ್ನಾಗಿದೆ, ನನ್ನದಕ್ಕಿಂತ ಚಿಕ್ಕದೂ ಹೌದು. ಎರಡು ತೊಡಕು. ‘ಕತ್ತಲೆಗೆ’ ಎಂದು ಚತುರ್ಥಿ ಬಂದ ಕೂಡಲೇ ಕತ್ತಲೆ ಕೈಚಾಚುವ ಶತ್ರುವಲ್ಲ, ಪಾಲು ತಪ್ಪಿದ ಬಡಪಾಯಿ. ಅಲ್ಲದೆ 12:35ಕ್ಕೆ ಇದು ಹೊಂದುವುದಿಲ್ಲ: ‘ನೀವು ಕತ್ತಲೆಗೆ ದಕ್ಕದಿರಲಿ’ ಎನ್ನಲಾದೀತೇ? ‘ಕತ್ತಲೆಯ ಹಿಡಿತಕ್ಕೆ ಸಿಗದಿರಿ’ ಎನ್ನಬಹುದು, ಆಗ ಎರಡು ವಾಕ್ಯಗಳ ನಂಟು ಓದುಗನ ಕಿವಿಗೆ ಬೀಳುತ್ತದೆ. 1:5 ಒಂದನ್ನೇ ಉಲ್ಲೇಖಿಸುವ ಕಡೆ ‘ದಕ್ಕಲಿಲ್ಲ’ ಬಳಸಿ, ನನ್ನ ತಕರಾರಿಲ್ಲ.