ಡ್ಯೂಟಿಗೆ ಹೋದ ತಮ್ಮನ ಫೋನ್ ಸ್ವಿಚ್ ಆಫ್: ಇದು ನಿಜವಾಗಿಯೂ ರೈಲ್ವೆ ರೂಲಾ?

ಕುಂಬಳೆ ಅಕ್ಕ:

ನಮಸ್ಕಾರ ಎಲ್ಲರಿಗೂ. ನನ್ನ ತಮ್ಮ ಹೋದ ವರ್ಷ ರೈಲ್ವೆಗೆ ಸೇರಿದ್ದಾನೆ, ಅಸಿಸ್ಟೆಂಟ್ ಲೋಕೋ ಪೈಲಟ್, ಅಂದ್ರೆ ರೈಲು ಡ್ರೈವರಿನ ಸಹಾಯಕ. ಮನೆಯಲ್ಲಿ ಎಲ್ಲರಿಗೂ ಖುಷಿ. ತೊಂದರೆ ಅಂದ್ರೆ, ಡ್ಯೂಟಿಗೆ ಹೋದ ಮೇಲೆ ಆಸಾಮಿ ನಾಪತ್ತೆ. ಫೋನ್ ಮಾಡಿದರೆ ಮಲಯಾಳದಲ್ಲಿ ಒಬ್ಬಳು ಸ್ವಿಚ್ ಆಫ್ ಅಂತ ಹೇಳುತ್ತಾಳೆ, ಅಷ್ಟೇ.

ಮೊನ್ನೆ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟ ಮುರಿಯಿತೋ ಅಂತ ಹೆದರಿ ಕಾಸರಗೋಡಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. (ಮುರಿದಿಲ್ಲ, ಬರೀ ಬಾವು. ಈಗ ಕೋಲು ಹಿಡಿದು ನಡೆಯುತ್ತಾರೆ, ನನಗೆ ಬೈಯುತ್ತಾರೆ ಕೂಡ.) ಮಧ್ಯಾಹ್ನದಿಂದ ಇವನಿಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಕತ್ತಲಾದ ಮೇಲೆ ಅವನೇ ಮಾಡಿದ. "ಗಾಡಿಯಲ್ಲಿದ್ದೆ ಅಕ್ಕಾ, ಫೋನ್ ಆಫ್ ಮಾಡಿ ಬ್ಯಾಗಿನಲ್ಲಿಟ್ಟಿದ್ದೆ, ಹಾಗೇ ರೂಲ್" ಅಂದ.

ಸೈಲೆಂಟಿನಲ್ಲಿ ಇಟ್ಟರೆ ಸಾಲದಾ? ಪೂರ್ತಿ ಆಫ್ ಯಾಕೆ? ಇನ್‌ಸ್ಟಾಗ್ರಾಮ್ ತೆರೆದರೆ ಎಂಜಿನ್ ಒಳಗಿಂದಲೇ ರೀಲ್ಸ್ ಮಾಡಿದವರು ಬೇಕಾದಷ್ಟು ಸಿಗುತ್ತಾರೆ, ಅವರಿಗೆ ಈ ರೂಲ್ ಇಲ್ವಾ? ಎಲ್ಲಕ್ಕಿಂತ ಮುಖ್ಯವಾಗಿ, ನಿಜವಾಗಿ ಅವಸರ ಬಿದ್ದರೆ ಅವನಿಗೆ ಸುದ್ದಿ ಮುಟ್ಟಿಸುವುದು ಹೇಗೆ? ಗೊತ್ತಿದ್ದವರು ತಿಳಿಸಿ.

ಉಪ್ಪಳದವ:

ಎಲ್ಲ ಕಾಗದದ ಮೇಲಿನ ರೂಲ್ ಅಕ್ಕ. ತಲಪಾಡಿಯಿಂದ ಕಾಸರಗೋಡಿನವರೆಗೆ ಬಸ್ ಡ್ರೈವರು ಫೋನ್ ಕಿವಿಯಲ್ಲಿಟ್ಟೇ ಬಿಡುತ್ತಾನೆ. ರೈಲಿಗೆ ಸ್ಟೇರಿಂಗೇ ಇಲ್ಲ, ಹಳಿ ಹೋದಲ್ಲಿ ಹೋಗುತ್ತದೆ. ಒಂದು ಕಾಲ್ ತೆಗೆದರೆ ಎಂತ ಆಗುತ್ತದೆ? ಸುಮ್ನೆ ಹೊಸ ಹುಡುಗರನ್ನು ಹೆದರಿಸುವುದು.

ಮೊಗ್ರಾಲ್ ಹಳೇ ಡ್ರೈವರ್:

ನಾನು ರಿಟೈರ್ ಆದ ಲೋಕೋ ಪೈಲಟ್. ಇದೇ ಲೈನಿನಲ್ಲಿ ಗೂಡ್ಸೂ ಓಡಿಸಿದ್ದೇನೆ, ಎಕ್ಸ್‌ಪ್ರೆಸ್ಸೂ ಓಡಿಸಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಉಪ್ಪಳದವರೇ, ಸ್ಟೇರಿಂಗ್ ಇಲ್ಲದ್ದೇ ನಮ್ಮ ಕಷ್ಟ ಮಾರಾಯ್ರೆ. ಬಸ್ಸಿನವ ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಎಳೆದು ಬಚಾವಾಗಬಹುದು. ನಮಗೆ ಇರುವುದು ಒಂದು ಹಾರ್ನ್, ಒಂದು ಬ್ರೇಕ್. ಗಂಟೆಗೆ 110 ಕಿಲೋಮೀಟರ್ ಅಂದ್ರೆ ಒಂದು ಸೆಕೆಂಡಿಗೆ 30 ಮೀಟರ್. ಎಮರ್ಜೆನ್ಸಿ ಬ್ರೇಕ್ ಹಾಕಿದರೂ ಗಾಡಿ ನಿಲ್ಲುವಾಗ ಕಿಲೋಮೀಟರ್ ಹತ್ತಿರ ಹೋಗಿರುತ್ತದೆ. ಕಣ್ಣಿಗೆ ಕಂಡ ಮೇಲೆ ನಿಲ್ಲಿಸುವ ಕೆಲಸ ಅಲ್ಲ ಇದು. ಕಾಣುವ ಮೊದಲೇ ನಿಲ್ಲಿಸಲು ತಯಾರಾಗುವ ಕೆಲಸ. ಅದಕ್ಕೇ ಸಿಗ್ನಲ್ ಇರುವುದು.

ಆಟಿ ತಿಂಗಳ ಮಳೆಯಲ್ಲಿ ಶಿರಿಯ ಹೊಳೆಯ ಸೇತುವೆ ದಾಟಿ ಕುಂಬಳೆ ಕಡೆಗೆ ಬರುವುದನ್ನು ಒಮ್ಮೆ ಯೋಚಿಸಿ. ವೈಪರ್ ಇದ್ದೂ ಇಲ್ಲದ ಹಾಗೆ. ಗಾಜಿನ ಆಚೆ ಬರೀ ಬಿಳಿ. ಸಿಗ್ನಲ್ ದೀಪ ಎಲ್ಲಿ ಬರುತ್ತದೆ ಅಂತ ಬಾಯಿಪಾಠ ಇದ್ದವನಿಗೂ ಅದು ಹಳದಿಯೋ ಹಸಿರೋ ಅಂತ ಗೊತ್ತಾಗುವುದು ತೀರಾ ಹತ್ತಿರ ಬಂದ ಮೇಲೆ. ಆಗ ಪಕ್ಕದಲ್ಲಿ ಕೂತ ಅಸಿಸ್ಟೆಂಟ್ ಹುಡುಗ ಕೈ ಎತ್ತಿ ತೋರಿಸಿ ಜೋರಾಗಿ ಹೇಳಬೇಕು, "ಡಿಸ್ಟೆಂಟ್, ಡಬಲ್ ಯೆಲ್ಲೋ" (ಮುಂದಿನ ಸಿಗ್ನಲಿನ ಸೂಚನೆ ಕೊಡುವ ಸಿಗ್ನಲಿನಲ್ಲಿ ಎರಡು ಹಳದಿ ದೀಪ ಅಂತ). ನಾನು ಅದನ್ನೇ ನೋಡಿ ತಿರುಗಿ ಹೇಳಬೇಕು. ಇಬ್ಬರ ಬಾಯಲ್ಲೂ ಒಂದೇ ಬಂದರೆ ಸರಿ. ನಿಮ್ಮ ತಮ್ಮನಿಗೆ ಸಂಬಳ ಕೊಡುವುದು ಮುಖ್ಯವಾಗಿ ಈ ಎರಡನೇ ಜೋಡಿ ಕಣ್ಣಿಗೆ. ಅವ ತಲೆ ತಗ್ಗಿಸಿ ಫೋನ್ ನೋಡಿದರೆ ಎಂಜಿನಿನಲ್ಲಿ ಒಬ್ಬನೇ ಇದ್ದ ಹಾಗಾಯಿತು.

ಮಿಷನ್ ಉಂಟಲ್ಲ ಅಂತ ಹೇಳುವವರಿದ್ದಾರೆ. ಉಂಟು, ವಿಜಿಲೆನ್ಸ್ ಕಂಟ್ರೋಲ್ ಅಂತ. ಒಂದು ನಿಮಿಷ ನಾವು ಯಾವ ಹಿಡಿಯನ್ನೂ ಬಟನನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಆಮೇಲೆ ಬಜರ್ ಕೂಗುತ್ತದೆ, ಆಗಲೂ ಸುಮ್ಮನಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಆದರೆ ಅದು ನಿದ್ದೆ ಹೋದವನನ್ನು ಹಿಡಿಯಲು ಮಾಡಿದ್ದು. ಫೋನಿನಲ್ಲಿ ಮಾತಾಡುವವ ಒಂದು ಕೈಯಲ್ಲಿ ಆರಾಮವಾಗಿ ಬಟನ್ ಒತ್ತುತ್ತಾ ಇರಬಹುದು. ಮಿಷನ್ ಪಾಲಿಗೆ ಅವ ಎಚ್ಚರವಾಗಿಯೇ ಇದ್ದಾನೆ!

ಇನ್ನು ಸೈಲೆಂಟ್ ಯಾಕೆ ಸಾಲದು. ಸೈಲೆಂಟಿನಲ್ಲಿದ್ದರೂ ಪರದೆ ಬೆಳಗುತ್ತದೆ, ಜೇಬಿನಲ್ಲಿ ನಡುಗುತ್ತದೆ. ತೆಗೆಯದೆ ಇರಬಹುದು, ಆದರೆ ಯಾರಿರಬಹುದು, ಎಂತಕ್ಕೆ ಮಾಡಿರಬಹುದು ಅಂತ ಮನಸ್ಸು ಅಲ್ಲಿಗೇ ಹೋಗಿ ಕೂರುತ್ತದೆ. ಅಮ್ಮ ಬಿದ್ದ ದಿನ ನೀವು ಮಾಡಿದ ಅಷ್ಟೂ ಮಿಸ್ಡ್ ಕಾಲ್ ಅವ ನೋಡಿದ್ದರೆ ಮುಂದಿನ ಸಿಗ್ನಲ್ ಸರಿಯಾಗಿ ಕೂಗುತ್ತಿದ್ದನಾ? ನೀವೇ ಹೇಳಿ ಮಗಳೇ.

ರೀಲ್ಸ್ ಮಾಡುವವರ ಬಗ್ಗೆ ಕೇಳಿದಿರಿ. ರೂಲ್ ಅವರಿಗೂ ಉಂಟು, ಬುದ್ಧಿ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಮಥುರಾದಲ್ಲಿ ಒಂದು ಲೋಕಲ್ ಗಾಡಿ ಪ್ಲಾಟ್‌ಫಾರ್ಮ್ ಮೇಲೆಯೇ ಹತ್ತಿದ್ದು ನೆನಪುಂಟಾ? ಜನ ಎಲ್ಲ ಇಳಿದಾಗಿತ್ತು, ಪುಣ್ಯ. ಕ್ಯಾಬಿನ ಕ್ಯಾಮರಾ ನೋಡಿದರೆ, ಒಳಗೆ ಬಂದ ಸಿಬ್ಬಂದಿ ಫೋನ್ ನೋಡುತ್ತಾ ತನ್ನ ಬ್ಯಾಗನ್ನು ಥ್ರಾಟಲ್ (ಗಾಡಿ ಓಡಿಸುವ ಹಿಡಿ) ಮೇಲೆ ಇಟ್ಟಿದ್ದ. ಕಣ್ಣು ಪರದೆಯಲ್ಲಿದ್ದರೆ ಕೈ ಎಲ್ಲಿ ಬ್ಯಾಗ್ ಇಡುತ್ತದೆ ಅಂತ ಗೊತ್ತಾಗುವುದಿಲ್ಲ.

ಹಾಗಂತ ಎಲ್ಲವನ್ನೂ ಫೋನಿನ ತಲೆಗೆ ಕಟ್ಟುವುದೂ ಬೇಡ. ಅದೇ ವರ್ಷ ಅಕ್ಟೋಬರ್ 29ರಂದು ಆಂಧ್ರದ ವಿಜಯನಗರಂ ಜಿಲ್ಲೆಯ ಕಂಟಕಾಪಲ್ಲಿ ಹತ್ತಿರ ಎರಡು ಪ್ಯಾಸೆಂಜರ್ ಗಾಡಿ ಡಿಕ್ಕಿಯಾಗಿ 14 ಜನ ಸತ್ತರು. ಡ್ರೈವರು, ಅಸಿಸ್ಟೆಂಟ್ ಕ್ರಿಕೆಟ್ ನೋಡುತ್ತಿದ್ದರು ಅಂತ ಮಂತ್ರಿಗಳು ಮಾರ್ಚ್ 2024ರಲ್ಲಿ ಹೇಳಿದರು. ಟಿವಿಯವರು ಕುಣಿದರು. ಕೆಲವು ತಿಂಗಳ ಮೇಲೆ ತನಿಖೆಯ ವಿವರ ಪೇಪರಿನಲ್ಲಿ ಬಂತು: ಫೋನಿನಲ್ಲಿ ಡೇಟಾ ಬಳಸಿಯೇ ಇರಲಿಲ್ಲ. ಕೆಟ್ಟುಹೋದ ಎರಡು ಆಟೋಮ್ಯಾಟಿಕ್ ಸಿಗ್ನಲನ್ನು ನಿಯಮದಂತೆ ದಾಟಿರಲಿಲ್ಲ, ಅದು ಅವರ ತಪ್ಪು. ಆದರೆ ಸತ್ತುಹೋದ ಆ ಇಬ್ಬರಿಗೆ ಕ್ರಿಕೆಟ್ ನೋಡಿದ ಹೆಸರು ಅಂಟಿದ್ದು ಹೋಗಿಲ್ಲ. ನನಗೆ ಅದು ಇನ್ನೂ ಉರಿಯುತ್ತದೆ.

ಇನ್ನೊಂದು, ಯಾರೂ ಹೇಳದ್ದು. ನಮ್ಮ ಮನಸ್ಸು ಕೆಡಿಸಿದ್ದು ಜಾಸ್ತಿ ಮನೆಯ ಫೋನ್ ಅಲ್ಲ, ಆಫೀಸಿನ ಫೋನ್. ರೈಲ್ವೆ ಕೊಡುವ ಸಿಯುಜಿ ಸಿಮ್ ಇರುತ್ತದಲ್ಲ, ಗಾಡಿ ನಿಂತಿರುವಾಗ ಮಾತ್ರ ಅದರಲ್ಲಿ ಮಾತಾಡಿ ಅಂತ ನಮಗೆ ಹೇಳಿದ್ದರು. ಹೇಳಿದವರೇ ಗಾಡಿ ಓಡುವಾಗ ಮಾಡುವುದು! "ಎಲ್ಲಿದ್ದೀರಿ? ಯಾಕೆ ಲೇಟ್?" ತೆಗೆಯದಿದ್ದರೆ ಮರುದಿನ ವಿವರಣೆ ಕೇಳುತ್ತಾರೆ. ಫೋನ್ ಯಾರದ್ದಾದರೆ ಎಂತ, ತಲೆ ಒಂದೇ ಅಲ್ವಾ? ಸ್ಪೇನಿನ ಸಾಂಟಿಯಾಗೋದಲ್ಲಿ 2013ರ ಜುಲೈ 24ರಂದು ಹಳಿ ತಪ್ಪಿದ ಗಾಡಿಯ ಡ್ರೈವರು ಹರಟೆ ಹೊಡೆಯುತ್ತಿರಲಿಲ್ಲ. ಕಂಪನಿಯ ಫೋನಿನಲ್ಲಿ ತನ್ನ ಗಾಡಿಯ ಸಿಬ್ಬಂದಿಯ ಹತ್ತಿರವೇ, ಕೆಲಸದ ವಿಷಯವೇ ಮಾತಾಡಿದ್ದ. 80ರಲ್ಲಿ ಹೋಗಬೇಕಾದ ತಿರುವಿಗೆ ಸುಮಾರು 180ರಲ್ಲಿ ಬಂದ. ಎಪ್ಪತ್ತಕ್ಕೂ ಹೆಚ್ಚು ಜನ ಹೋದರು. ರೂಲ್ ಮಾಡುವವರು ಮೊದಲು ತಮ್ಮ ಕಂಟ್ರೋಲ್ ರೂಮಿನ ಫೋನಿಗೆ ರೂಲ್ ಮಾಡಲಿ ಅಂತ ಯೂನಿಯನ್ ಮೀಟಿಂಗಿನಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಸುದ್ದಿ ಮುಟ್ಟಿಸುವ ದಾರಿ ಉಂಟು. ನಿಮ್ಮ ತಮ್ಮ ಡ್ಯೂಟಿಗೆ ಸಹಿ ಹಾಕುವ ಆಫೀಸು, ಅಂದ್ರೆ ಕ್ರೂ ಲಾಬಿಯ ನಂಬರ್ ಇಟ್ಟುಕೊಳ್ಳಿ. ಹೆಸರು ಹೇಳಿದರೆ ಯಾವ ಗಾಡಿಯಲ್ಲಿದ್ದಾನೆ ಅಂತ ಅವರ ಕಂಪ್ಯೂಟರಿನಲ್ಲಿ ಬರುತ್ತದೆ. ಅಲ್ಲಿಂದ ಕಂಟ್ರೋಲಿಗೆ, ಕಂಟ್ರೋಲಿನಿಂದ ಸ್ಟೇಷನ್ ಮಾಸ್ಟ್ರಿಗೆ, ಅವರಿಂದ ಗಾಡಿ ನಿಂತಲ್ಲಿ ಇವನಿಗೆ. ಆದರೆ ಒಂದು ತಿಳಿದುಕೊಳ್ಳಿ. ಸಾವು, ಆಸ್ಪತ್ರೆ ಅಂತಹ ಸುದ್ದಿಯನ್ನು ಒಳ್ಳೆಯ ಕಂಟ್ರೋಲರು ಗಾಡಿ ಓಡುವಾಗ ಹೇಳುವುದಿಲ್ಲ. ಮೊದಲು ಬದಲಿ ಜನ ನೋಡುತ್ತಾರೆ, ಇವನನ್ನು ಇಳಿಸುತ್ತಾರೆ, ಆಮೇಲೆ ಹೇಳುತ್ತಾರೆ. ನನ್ನ ಅಪ್ಪ ಹೋದ ಸುದ್ದಿ ನನಗೆ ಹಾಗೆಯೇ ಸಿಕ್ಕಿದ್ದು, ಶೊರನೂರಿನಲ್ಲಿ ಎಂಜಿನಿನಿಂದ ಇಳಿದು ಸಹಿ ಹಾಕಿದ ಮೇಲೆ. ಊರಿನಲ್ಲಿ ಬೆಳಿಗ್ಗೆಯೇ ಎಲ್ಲರಿಗೂ ಗೊತ್ತಿತ್ತು. ಮನೆಯವರಿಗೆ ಸಿಟ್ಟು ಬಂತು, ನನಗೆ ಬರಲಿಲ್ಲ. ನನ್ನ ಹಿಂದೆ ಅಷ್ಟು ಬೋಗಿ ಜನ ಇದ್ದರು.

ಬದಿಯಡ್ಕ ಟು ಅಮೆರಿಕ:

ಡ್ರೈವರ್ ಮಾವ, ಸರಿಯಾಗಿ ಹೇಳಿದಿರಿ. ನಾನು ಇಲ್ಲಿ ಗೂಡ್ಸ್ ಗಾಡಿಯಲ್ಲಿ ಕಂಡಕ್ಟರ್. (ಟಿಕೆಟ್ ಇಲ್ಲ, ಹೆಗಲಿಗೆ ಚೀಲವೂ ಇಲ್ಲ, ಡ್ರೈವರಿನ ಜೊತೆಗಿದ್ದು ಗಾಡಿ ನೋಡಿಕೊಳ್ಳುವ ಕೆಲಸ!) ಇಲ್ಲಿ ಇದು ಬರೀ ಕಂಪನಿ ರೂಲ್ ಅಲ್ಲ, ಕೇಂದ್ರ ಸರಕಾರದ ಕಾನೂನು.

ಕಾರಣ 2008ರ ಸೆಪ್ಟೆಂಬರ್ 12. ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್ ಎಂಬಲ್ಲಿ ಮೆಟ್ರೋಲಿಂಕ್ ಪ್ಯಾಸೆಂಜರ್ ಗಾಡಿ ಕೆಂಪು ಸಿಗ್ನಲ್ ದಾಟಿ ಸಿಂಗಲ್ ಲೈನಿಗೆ ನುಗ್ಗಿತು. ಎದುರಿನಿಂದ ಗೂಡ್ಸ್. 25 ಜನ ಸತ್ತರು. ಡ್ರೈವರು ರೈಲಿನ ಹುಚ್ಚಿದ್ದ ಒಬ್ಬ ಹುಡುಗನಿಗೆ ಮೆಸೇಜ್ ಮಾಡುತ್ತಿದ್ದ. ಕೊನೆಯ ಮೆಸೇಜ್ ಹೋದದ್ದು ಡಿಕ್ಕಿಗೆ 22 ಸೆಕೆಂಡ್ ಮೊದಲು. ಕ್ಯಾಬಿನಲ್ಲಿ ಫೋನ್ ಬಳಸಬಾರದು ಅಂತ ಅವನ ಕಂಪನಿಯಲ್ಲಿ ಆಗಲೇ ರೂಲ್ ಇತ್ತು. ಅದಕ್ಕೂ ಮೊದಲು, 2002ರಲ್ಲಿ ಟೆಕ್ಸಸ್‌ನಲ್ಲಿ ಎರಡು ಗೂಡ್ಸ್ ಡಿಕ್ಕಿಯಾದಾಗಲೂ ಫೋನ್ ವಿಷಯ ಬಂದಿತ್ತು, ಕಾನೂನು ಮಾಡಿ ಅಂತ ತನಿಖೆಯವರು ಮರುವರ್ಷವೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಚಾಟ್ಸ್‌ವರ್ತ್ ಆದ ಮುಂದಿನ ತಿಂಗಳೇ ತುರ್ತು ಆದೇಶ, 2010ರಲ್ಲಿ ಪೂರ್ತಿ ನಿಯಮ. ಗಾಡಿ ಓಡುವಾಗ ಸ್ವಂತ ಫೋನ್ ಆಫ್, ಇಯರ್‌ಫೋನ್ ಕಿವಿಯಿಂದ ಹೊರಗೆ. ಗಾಡಿ ನಿಂತಿದ್ದರೂ ನಮ್ಮಲ್ಲಿ ಯಾರಾದರೂ ನೆಲಕ್ಕಿಳಿದು ವ್ಯಾಗನ್ ಜೋಡಿಸುತ್ತಿದ್ದರೆ ಆಗಲೂ ಆಫ್. ಇದು ನನಗೆ ಬಹಳ ಹಿಡಿಸಿದ ಭಾಗ, ಯಾಕಂದ್ರೆ ಎರಡು ವ್ಯಾಗನ್ ನಡುವೆ ನಿಂತಿರುವವ ನಾನೇ. ಅಪಾಯದ ಹೊತ್ತಿನಲ್ಲಿ ಬಳಸಲು ಬಿಡುತ್ತಾರೆ. ಹಳಿಯಲ್ಲಿ ಏನಾದರೂ ಅಪಾಯ ಕಂಡು ಫೋಟೋ ಬೇಕಾದರೆ ಬೇರೆ ಕ್ಯಾಮರಾದಲ್ಲಿ ತೆಗೆಯಬಹುದು, ಫೋನಿನಲ್ಲಿ ಆಗದು. ಹುಡುಗಾಟದ ರೂಲ್ ಅಂತ ಕೆಲವರು ನಗುತ್ತಾರೆ, ನಗಲಿ.

ಆಮೇಲೆ ಮೆಟ್ರೋಲಿಂಕಿನವರು ಡ್ರೈವರನ್ನೇ ನೋಡುವ ಕ್ಯಾಮರಾ ಕ್ಯಾಬಿನಲ್ಲಿ ಹಾಕಿದರು. ಯೂನಿಯನ್ ಗಲಾಟೆ ಜೋರಿತ್ತು. ಊರಲ್ಲೂ ಎಂಜಿನಿಗೆ ಕ್ಯಾಮರಾ ಬರುತ್ತಾ ಉಂಟಂತೆ ಅಲ್ವಾ ಮಾವ?

ಮೊಗ್ರಾಲ್ ಹಳೇ ಡ್ರೈವರ್:

ಬರುತ್ತಾ ಉಂಟು. ದನಿ, ಚಿತ್ರ ಎರಡೂ ರೆಕಾರ್ಡ್ ಆಗುತ್ತದೆ. ಹುಡುಗರಿಗೆ ಇಷ್ಟ ಇಲ್ಲ. ನಾನು ಹೇಳುವುದು, ಕ್ಯಾಮರಾ ಇದ್ದರೆ ಕ್ರಿಕೆಟ್ ನೋಡಿದ ಅಂತ ಸುಮ್ನೆ ಯಾರೂ ಹೇಳಲಿಕ್ಕೆ ಆಗುವುದಿಲ್ಲ. ಕಂಟ್ರೋಲಿನವ ಎಷ್ಟು ಸಲ ಫೋನ್ ಮಾಡಿದ ಅಂತಲೂ ಗೊತ್ತಾಗಲಿ. ಎಂಜಿನಿನಲ್ಲಿ ಶೌಚಾಲಯ ಇಲ್ಲದ ಕಡೆ ಕ್ಯಾಮರಾ ಮೊದಲು ಬಂತು ಅಂತ ಅವರು ಗೊಣಗುವುದು ಮಾತ್ರ ನ್ಯಾಯ.

ಗೇಟಿನವ:

ಎಂಜಿನಿನವರನ್ನು ಮಾತ್ರ ಹೇಳಬೇಡಿ, ನಮಗೂ ಉಂಟು. ನಾನು ಲೆವೆಲ್ ಕ್ರಾಸಿಂಗ್ ಗೇಟಿನಲ್ಲಿ ಡ್ಯೂಟಿ. ನಮ್ಮ ಕೆಲಸ ಗೇಟಿನ ಫೋನಿನಲ್ಲಿ. ಗೇಟ್ ಹಾಕಿ, ಬೀಗ ನೋಡಿ, ಸ್ಟೇಷನ್ ಮಾಸ್ಟ್ರಿಗೆ ಪ್ರೈವೇಟ್ ನಂಬರ್ (ಗೇಟ್ ಹಾಕಿದ್ದು ಖಾತ್ರಿ ಅಂತ ತಿಳಿಸುವ ಗುಟ್ಟಿನ ಸಂಖ್ಯೆ) ಕೊಟ್ಟು ಪುಸ್ತಕದಲ್ಲಿ ಬರೆಯಬೇಕು. ಆ ಹೊತ್ತಿಗೆ ಮೊಬೈಲ್ ನೋಡಿದರೆ ಮುಗಿಯಿತು. ಜರ್ಮನಿಯ ಬಾಡ್ ಐಬ್ಲಿಂಗಿನಲ್ಲಿ 2016ರ ಫೆಬ್ರವರಿಯಲ್ಲಿ ಎರಡು ಗಾಡಿ ಎದುರುಬದುರಾಗಿ 12 ಜನ ಸತ್ತದ್ದು ಸಿಗ್ನಲ್ ನೋಡುವವ ಮೊಬೈಲ್ ಗೇಮ್ ಆಡಿದ್ದಕ್ಕೆ. ಮೂರೂವರೆ ವರ್ಷ ಜೈಲಾಯಿತು ಅವನಿಗೆ.

ನಮಗೆ ಇನ್ನೊಂದು ಉಪದ್ರ. ಗೇಟ್ ಹಾಕಿ ಐದು ನಿಮಿಷ ಆದರೆ ಬೈಕಿನವರು ಬೊಬ್ಬೆ ಹಾಕುತ್ತಾ ಮೊಬೈಲ್ ಹಿಡಿದು ನಮ್ಮ ವಿಡಿಯೋ ತೆಗೆಯುತ್ತಾರೆ. ನಾವು ತೆಗೆಯಬಾರದು, ಅವರು ತೆಗೆಯಬಹುದು.

ಉಪ್ಪಳದವ:

ಸರಿ ಸರಿ, ಎಲ್ಲರೂ ಸೇರಿ ನನ್ನ ಮೇಲೆ ಬರಬೇಡಿ. 110ರ ಲೆಕ್ಕ ನನಗೆ ಹೊಳೆದಿರಲಿಲ್ಲ. ಬಸ್ಸಿನವರ ಬಗ್ಗೆ ಹೇಳಿದ್ದು ಮಾತ್ರ ವಾಪಸ್ ತೆಗೆಯುವುದಿಲ್ಲ.

ಕುಂಬಳೆ ಅಕ್ಕ:

ಡ್ರೈವರ್ ಮಾವ, ತುಂಬಾ ಉಪಕಾರ ಆಯಿತು. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. "ನನಗೆ ಎಂತದ್ದಾದರೂ ಆದರೆ ಅವ ಇಳಿದ ಮೇಲೆಯೇ ಹೇಳಿ" ಅಂದರು. ಲಾಬಿಯ ನಂಬರ್ ತಮ್ಮನ ಹತ್ತಿರ ಕೇಳಿ ಬರೆದಿಟ್ಟೆ. ಮೊದಲೇ ಯಾಕೆ ಕೊಟ್ಟಿಲ್ಲ ಅಂದರೆ, "ನೀನು ಊಟ ಆಯಿತಾ ಕೇಳಲಿಕ್ಕೆ ಅಲ್ಲಿಗೂ ಫೋನ್ ಮಾಡುತ್ತೀ" ಅಂತಾನೆ!

ಇನ್ನೊಂದೇ ಪ್ರಶ್ನೆ. ಅವನ ಹುಟ್ಟುಹಬ್ಬಕ್ಕೆ ಸ್ಮಾರ್ಟ್ ವಾಚ್ ಕೊಡುವ ಅಂತ ನೋಡಿಟ್ಟಿದ್ದೇನೆ. ಫೋನ್ ಬ್ಯಾಗಿನಲ್ಲಿದ್ದರೂ ಮೆಸೇಜ್ ಕೈಯಲ್ಲಿ ಕಾಣುತ್ತದಂತೆ. ಕೊಡಬಹುದಾ?

ಬದಿಯಡ್ಕ ಟು ಅಮೆರಿಕ:

ಬೇಡವೇ ಬೇಡ ಅಕ್ಕ. ಬರೀ ಟೈಮ್ ತೋರಿಸುವ ವಾಚ್ ಆದರೆ ಇಲ್ಲಿ ಯಾರೂ ಕೇಳುವುದಿಲ್ಲ. ಮೆಸೇಜ್ ತೋರಿಸುವ ವಾಚ್ ಅಂದ್ರೆ ಫೋನೇ ಕೈಗೆ ಕಟ್ಟಿಕೊಂಡ ಹಾಗೆ.

ಮೊಗ್ರಾಲ್ ಹಳೇ ಡ್ರೈವರ್:

ಮುಳ್ಳಿನ ವಾಚ್ ಕೊಡಿ ಮಗಳೇ, ಕತ್ತಲಲ್ಲಿ ಹೊಳೆಯುವಂಥದ್ದು. ಉಳಿದ ಹಣದಲ್ಲಿ ಒಂದು ಒಳ್ಳೆಯ ಟಾರ್ಚ್, ಗಟ್ಟಿ ರೈನ್‌ಕೋಟ್ ತೆಗೆದುಕೊಡಿ. ಕಾಸರಗೋಡಿನಿಂದ ಆಚೆ ಚಂದ್ರಗಿರಿ ಹೊಳೆ ದಾಟಿದ ಮೇಲೆ ರಾತ್ರಿ ಗಾಡಿ ಕೆಟ್ಟು ನಿಂತರೆ ಮಳೆಯಲ್ಲಿ ಇಳಿದು ಬ್ರೇಕ್ ಪೈಪ್ ನೋಡಿಕೊಂಡು ಹೋಗುವವ ಅವನೇ.