ಅಪ್‌ಡೇಟ್: ಎಲಿಜಬೆತ್ ಟಿಲ್ಲಿ ಯಾರ ಮಗಳು?

1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಬಂದ ಜಾನ್ ಹೌಲೆಂಡನ ಪತ್ನಿ ಎಲಿಜಬೆತ್, ನನ್ನ ಅಳಿಯನ ಮನೆಯವರು ತಲೆತಲಾಂತರದಿಂದ ಹೇಳುತ್ತ ಬಂದಂತೆ, ಪ್ಲಿಮತ್ ವಸಾಹತಿನ ಗವರ್ನರ್ ಜಾನ್ ಕಾರ್ವರನ ಮೊಮ್ಮಗಳೇ ಎಂದು ಹಿಂದೆ ಕೇಳಿದ್ದೆ. ಅಲ್ಲವೆಂಬುದು ಈಗ ಖಚಿತವಾಗಿದೆ. ದಾರಿ ತೋರಿಸಿದವರೆಲ್ಲರಿಗೂ ನಾನು ಋಣಿ.

ಈ ನಂಬಿಕೆ ಒಂದು ಮನೆಗೆ ಸೀಮಿತವಾಗಿರಲಿಲ್ಲ. ಕಾರ್ವರನ ನಂತರ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡನ ಹಸ್ತಪ್ರತಿ ಬಹುಕಾಲ ಕಣ್ಮರೆಯಾಗಿದ್ದು, 1855ರಲ್ಲಿ ಲಂಡನ್ ಬಿಷಪ್ಪರ ಗ್ರಂಥಾಲಯದಲ್ಲಿ ಪತ್ತೆಯಾಗಿ ಮರುವರ್ಷ ಅಚ್ಚಾಗುವವರೆಗೂ ಅದನ್ನು ಅಲ್ಲಗಳೆಯಲು ಗಟ್ಟಿಯಾದ ಆಧಾರವಿರಲಿಲ್ಲ. ಸಹಪ್ರಯಾಣಿಕರ ಬಗ್ಗೆ ಆತ ಸುಮಾರು ಮೂವತ್ತು ವರ್ಷಗಳ ನಂತರ ಬರೆದಿಟ್ಟ ಪಟ್ಟಿಯಲ್ಲಿ ಎಲಿಜಬೆತ್ ಜಾನ್ ಟಿಲ್ಲಿ ದಂಪತಿಯ ಮಗಳೆಂದೂ, ಬಂದ ಸ್ವಲ್ಪ ದಿನಗಳಲ್ಲೇ ತಂದೆತಾಯಿ ಇಬ್ಬರೂ ತೀರಿಕೊಂಡರೆಂದೂ, ಮುಂದೆ ಹೌಲೆಂಡನನ್ನು ಮದುವೆಯಾದ ಆಕೆಗೆ ಹತ್ತು ಮಕ್ಕಳಿದ್ದಾರೆಂದೂ ಇದೆ. ಇದೂ ನೆನಪಿನಿಂದ ಬರೆದದ್ದೇ ಆದರೂ, ಕಣ್ಣಾರೆ ಕಂಡವನ ನೆನಪು. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರಿನ ಹೆನ್‌ಲೋ ಚರ್ಚಿನ ದಾಖಲೆಯಲ್ಲಿರುವ, 1607ರ ಆಕೆಯ ದೀಕ್ಷಾಸ್ನಾನದ ನಮೂದು ಅದಕ್ಕೆ ಬೆಂಬಲವಾಗಿ ನಿಲ್ಲುತ್ತದೆ.

ನನ್ನ ಮಟ್ಟಿಗೆ ಇನ್ನೂ ಅಮೂಲ್ಯವಾದದ್ದು 1686ರಲ್ಲಿ ಎಲಿಜಬೆತ್ ಬರೆಸಿದ ಉಯಿಲು. ಮದುವೆಯಾದ ಮೇಲೆ ಅಡ್ಡಹೆಸರು ಬದಲಾಗಿ ಹೆಣ್ಣುಮಕ್ಕಳ ಜಾಡು ತಪ್ಪುವುದೇ ಹೆಚ್ಚು. ಆದರೆ ಇಲ್ಲಿ ಲಿಡಿಯಾ, ಎಲಿಜಬೆತ್, ಹನ್ನಾ ಅವರನ್ನು ಗಂಡನ ಮನೆಯ ಹೆಸರಿನೊಂದಿಗೇ ಹೆಸರಿಸಲಾಗಿದೆ. ಅಳಿಯನ ಕವಲು ಹನ್ನಾಳಿಂದ ಬಂದಿರಬಹುದೆಂಬ ಊಹೆಯನ್ನು ಈಗ ಮ್ಯಾಸಚೂಸೆಟ್ಸಿನ ಪಟ್ಟಣಗಳ ಜನನ-ವಿವಾಹ ದಾಖಲೆಗಳಲ್ಲಿ ಪರಿಶೀಲಿಸುತ್ತಿದ್ದೇನೆ.